ಫೈಬರ್ ಬಚ್ಚಲಿನ ಒಂದು ಮೂಲೆ

ಅಥವಾ ಆ ಬಚ್ಚಲು ಬಿಳಿಯದಾಗಿರಲಿಲ್ಲವೇನೋ. ಕೆನೆಬಣ್ಣದ್ದಿರಬಹುದು. ಇಷ್ಟು ವರ್ಷ ಬಿಳಿ ಎಂದೇ ಹೇಳಿಕೊಂಡು ಬಂದಿದ್ದೇನೆ, ಏಕೆಂದರೆ ಬಿಳಿಯ ಮೇಲೆ ಕೆಂಪು ಎಂದರೆ ಕೇಳುವವರ ಮುಖ ಬೇಗ ಬದಲಾಗುತ್ತದೆ. ಹೇಳಿ ಹೇಳಿ ಈಗ ನನ್ನ ಕಣ್ಣೊಳಗಿನ ಬಚ್ಚಲೂ ಬೆಳ್ಳಗಾಗಿಬಿಟ್ಟಿದೆ. ಬೈಲಹೊಂಗಲದ ಆ ಕಲ್ಯಾಣ ಮಂಟಪದಲ್ಲಿ, ಮದುಮಗಳ ಕೋಣೆಗೆ ಹೊಂದಿಕೊಂಡಿದ್ದ ಫೈಬರ್ ಬಚ್ಚಲಿನ ನೆಲದ ಮೇಲೆ ಕೆಂಪು ಹರಿದಿದ್ದನ್ನು ನಾನು ಕಂಡದ್ದು ನಿಜ. ಅದನ್ನು ಕಂಡು ಕೋಣೆಯಲ್ಲಿದ್ದ ಹೆಂಗಸರೆಲ್ಲ ಒಮ್ಮೆಲೇ ಉಸಿರು ಬಿಗಿಹಿಡಿದದ್ದು ನಿಜ. ಅದೇ ಹೊತ್ತಿಗೆ ಹೊರಗೆ ಬಾಜಾದವರು ಊದುತ್ತಿದ್ದರು ಎಂಬುದು ನಿಜವೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ, ಹೇಳಲಾರೆ. ವೀಣಾ ಎಂಬ ಹುಡುಗಿಯ ಮದುವೆ ಆ ಕೆಂಪಿನ ಮೇಲೆ ತೂಗುತ್ತಿತ್ತು. ಅದು ಆಗಬೇಕೋ ನಿಲ್ಲಬೇಕೋ ಎಂಬುದನ್ನು ಬಚ್ಚಲು ತೊಳೆಯುವ ನನ್ನ ಬಾಯಿಂದಲೇ ಹೇಳಿಸಬೇಕೆಂದು ಗಂಡಿನ ಕಡೆಯ ಒಬ್ಬಾಕೆ ಹಟ ಹಿಡಿದಿದ್ದಳು.

ಈಗ ನಾನು ಕೆಲಸ ಬಿಟ್ಟಿದ್ದೇನೆ. ಲಾಜಿಂಗುಗಳಿಗೆ, ಮಂಟಪಗಳಿಗೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ಮನೆಗೆ ಬಂದು, "ಸುಜಾತಕ್ಕಾ, ಫೈಬರ್ ಹೆಂಗ ತೊಳೀಬೇಕ್ರಿ? ಹಾಳ ಮಾಡಿದ್ರ ನಮ್ಮ ತಲಿಮ್ಯಾಲ ಬರತೈತಿ" ಎಂದು ಕೇಳುತ್ತಾರೆ. ಉತ್ತರ ಬಹಳ ಚಿಕ್ಕದು. ಮೆತ್ತನೆಯ ಹಳೇ ಹತ್ತಿ ಬಟ್ಟೆ, ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸಾಬೂನಿನ ತೆಳು ನೊರೆ. ತೊಳೆದ ಮೇಲೆ ಒಣಬಟ್ಟೆಯಿಂದ ಒರೆಸಿಬಿಡಿ, ನೀರು ತಾನೇ ಆರಲಿ ಎಂದು ಬಿಡಬೇಡಿ. ಇಷ್ಟನ್ನು ಕೇಳಿ ಅವರು ಎದ್ದು ಹೊರಡುತ್ತಾರೆ. ಉಳಿದದ್ದನ್ನು ಹೇಳದೆ ಕಳಿಸಿದೆನಲ್ಲ ಎಂದು ಆಮೇಲೆ ನನಗೆ ಎನಿಸುತ್ತದೆ. ಆ ಉಳಿದದ್ದೇ ಇದು.

ನಮ್ಮ ಮಾಲಕರಿಗೆ ಬೈಲಹೊಂಗಲದಲ್ಲಿ ಮಂಟಪ, ಕಿತ್ತೂರಿನಲ್ಲಿ ಗೆಸ್ಟ್ ಹೌಸು, ಸವದತ್ತಿಯಲ್ಲಿ ಯಾತ್ರಿಕರ ಲಾಜು, ರಾಮದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೊಂದು ಸಣ್ಣ ಲಾಜು ಇದ್ದವು. ನಾಲ್ಕಕ್ಕೂ ಸೇರಿ ಮ್ಯಾನೇಜರ್ ಒಬ್ಬನೇ, ಈರಪ್ಪ. ನಾಲ್ಕಕ್ಕೂ ಸೇರಿ ತೊಳೆಯುವವರ ಮೇಲ್ವಿಚಾರಣೆ ನನ್ನದು. ಮೇಲ್ವಿಚಾರಣೆ ಎಂದರೆ, ತೊಳೆಯುವವರು ಬಾರದ ದಿನ ನಾನು ತೊಳೆಯುವುದು. ಬಸ್ಸಿನಲ್ಲಿ ಓಡಾಡಿಯೇ ನನ್ನ ವಯಸ್ಸು ಕಳೆಯಿತು.

ಮೊದಲ ಫೈಬರ್ ಬಚ್ಚಲು ಬಂದದ್ದು ಕಿತ್ತೂರಿಗೆ. ಟೆಂಪೋದ ಮೇಲೆ ಹಗ್ಗ ಬಿಗಿದುಕೊಂಡು, ಆಕಾಶಕ್ಕೆ ಬಾಯಿ ತೆರೆದು ಮಲಗಿತ್ತು. ನಾನು ದನಗಳಿಗೆ ನೀರು ಕುಡಿಸುವ ಡೋಣಿ ಎಂದುಕೊಂಡೆ. ನಾಲ್ಕು ಜನ ಇಳಿಸಿ ಎತ್ತಿ ನಿಲ್ಲಿಸಿದಾಗ ಗೋಡೆ, ನೆಲ, ಸಾಬೂನಿಡುವ ಗೂಡು ಎಲ್ಲವೂ ಒಂದೇ ಎರಕದಲ್ಲಿದ್ದವು. ಈರಪ್ಪ ಅದರೊಳಗೆ ಹೋಗಿ ನಿಂತು, ಸಿನಿಮಾ ನಟನಂತೆ ತಿರುಗಿದ.

"ನೋಡ ಸುಜಾತಾ. ಟೈಲ್ಸ್ ಇಲ್ಲ, ಸಿಮೆಂಟ್ ಇಲ್ಲ, ಸಂದಿ ಇಲ್ಲ. ಹೊಲಸ ಕುಂಡ್ರಾಕ ಜಾಗಾನ ಇಲ್ಲ. ಇನ್ನ ನಿನಗ ಕೆಲಸಾನ ಇಲ್ಲ."

"ಕೆಲಸ ಇಲ್ಲಂದ್ರ ಪಗಾರರಿ?"

"ಅದು ಐತಿ. ಕೆಲಸಿಲ್ದ ಪಗಾರ ತಗೊಳ್ಳೋದು ಹೆಂಗ ಅಂತ ನನ್ನ ನೋಡಿ ಕಲಿ."

ಅಲ್ಲಿ ನೆಲ ತೊಳೆಯುತ್ತಿದ್ದವಳು ಕಲ್ಲವ್ವ. ಅವಳು ತೊಳೆದರೆ ಹಿತ್ತಾಳೆಯ ಹಂಡೆ ಸೂರ್ಯನಂತೆ ಹೊಳೆಯುತ್ತಿತ್ತು. ಅವಳಿಗೆ ಗೊತ್ತಿದ್ದ ಪ್ರೀತಿಯೆಂದರೆ ತಿಕ್ಕುವುದು. ಇಟ್ಟಂಗಿಯ ಪುಡಿ, ತೆಂಗಿನ ನಾರು, ಮೈಯ ಭಾರವೆಲ್ಲ ಹಾಕಿ ಎರಡು ಕೈ. ಫೈಬರನ್ನೂ ಹಾಗೆಯೇ ಪ್ರೀತಿಸಿದಳು. ನಾನು ಮುಂದಿನ ಸಲ ಕಿತ್ತೂರಿಗೆ ಹೋದಾಗ ಹೊಳಪೆಲ್ಲ ಹೋಗಿ ಅದು ಮುದುಕರ ಕಣ್ಣಿನ ಪೊರೆಯಂತೆ ಮಂಕಾಗಿತ್ತು. ಅಂಗೈ ಸವರಿದೆ. ಬೆಕ್ಕಿನ ನಾಲಿಗೆಯಂತೆ ತರಿತರಿ. ಕಲ್ಲವ್ವ ತನ್ನ ಕೈಗಳನ್ನು ತೋರಿಸಿದಳು. ಬೆರಳ ಸಂದಿಯಲ್ಲೆಲ್ಲ ಕೆಂಪು ಗುಳ್ಳೆ.

"ಯಕ್ಕಾ, ಇದು ಬಚ್ಚಲಲ್ಲ, ಚುರುಚುರಿಕಿ ಗಿಡ. ಮುಟ್ಟಿದ್ರ ಕಡಿತೈತಿ."

ಕಡಿಯುವುದೇ. ಆಮೇಲೆ ಬಂದ ಫಿಟ್ಟರ್ ಹೇಳಿದ: ಮೇಲೆ ಉಗುರಿನಷ್ಟೂ ದಪ್ಪವಿಲ್ಲದ ಒಂದು ನುಣ್ಣನೆಯ ಚರ್ಮ, ಅದರ ಕೆಳಗೆ ಗಾಜಿನ ಎಳೆ. ಚರ್ಮ ಸವೆದರೆ ಎಳೆ ಕೈಗೆ ಚುಚ್ಚುತ್ತದೆ. ಸವೆದ ಚರ್ಮ ತಿರುಗಿ ಬೆಳೆಯುವುದಿಲ್ಲ. ನಾವು ಅದನ್ನು ಪಾತ್ರೆ ಎಂದುಕೊಂಡಿದ್ದೆವು. ಅದು ಮೈ ಎಂದು ಯಾರೂ ಹೇಳಿರಲಿಲ್ಲ. ಆ ದಿನದಿಂದ ನಾರು, ತಂತಿಯ ಗುಂಜು, ಗಟ್ಟಿ ಬ್ರಶ್ಶು ಎಲ್ಲವನ್ನೂ ಬಚ್ಚಲುಗಳಿಂದ ಹೊರಗೆ ಹಾಕಿಸಿದೆ. ಆದರೆ ಮಂಟಪದಲ್ಲಿ ಇದು ನಡೆಯಲಿಲ್ಲ. ಅಲ್ಲಿಗೆ ಬರುವ ಒಂದೊಂದು ಮದುವೆಯವರೂ ತಮ್ಮ ಹೆಂಗಸರು, ತಮ್ಮ ನಾರು, ತಮ್ಮ ಪುಡಿಗಳೊಂದಿಗೇ ಬರುತ್ತಿದ್ದರು. ಮದುಮಗಳ ಕೋಣೆಯ ಫೈಬರ್ ಹೀಗೆ ಮದುವೆ ಮದುವೆಗೂ ಸವೆಯುತ್ತ ಹೋಯಿತು. ಒಂದು ಮಾತು ನೆನಪಿಡಿ, ಕೊನೆಗೆ ಬೇಕಾಗುತ್ತದೆ: ತಿಕ್ಕುವವರ ಕೈ ನಡುವೆ ಚೆನ್ನಾಗಿ ಓಡುತ್ತದೆ, ಮೂಲೆಗೆ ಹೋಗುವುದಿಲ್ಲ.

ರಾಮದುರ್ಗದಲ್ಲಿ ಬೋರಿನ ನೀರು. ಕೆಲವೇ ದಿನಗಳಲ್ಲಿ ನಲ್ಲಿಯ ಕೆಳಗೆ ಬಿಳಿ ಉಪ್ಪು ಹಕ್ಕಳೆ ಕಟ್ಟುತ್ತದೆ. ಅಲ್ಲಿ ಈರಪ್ಪ ಆಸಿಡ್ ತರಿಸಿದ. ನಾನು ಬಸ್ಸಿಳಿದು ಒಳಗೆ ಹೋಗುವಷ್ಟರಲ್ಲಿ ಕಣ್ಣು ಉರಿ, ಗಂಟಲು ಉರಿ. ಈರಪ್ಪ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಉಪ್ಪು ಹೋಗೇತಿ ನೋಡ" ಎಂದ.

ಉಪ್ಪು ಹೋಗಿತ್ತು. ಅದರ ಜೊತೆ ಹೊಳಪೂ ಹೋಗಿತ್ತು. ನೀರು ಹೋಗುವ ಜಾಲರಿ ಕಪ್ಪಾಗಿ, ಅದರ ಸುತ್ತ ಸುಟ್ಟ ರೊಟ್ಟಿಯ ಬಣ್ಣದ ಬಳೆ ಮೂಡಿತ್ತು. "ಬಣ್ಣಾ ಸುಟ್ಟೇತಲ್ರಿ" ಎಂದೆ. "ಅದು ಡಿಸೈನ್ ಅಂತ ತಿಳ್ಕೊ" ಎಂದ. ಉಪ್ಪಿಗೆ ಆಸಿಡ್ ಬೇಕಿಲ್ಲ. ಊಟದವರು ಹಿಂಡಿ ಎಸೆದ ನಿಂಬೆಯ ಹೋಳು ಸಾಕು. ಒತ್ತಿ ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಒರೆಸಿ, ಬೇಕಷ್ಟು ನೀರು ಹಾಕಬೇಕು. ಇದನ್ನು ನಾನು ಕಂಡುಹಿಡಿದದ್ದಲ್ಲ. ರಾಮದುರ್ಗದ ಖಾನಾವಳಿಯಲ್ಲಿ ಒಬ್ಬಾಕೆ ಸ್ಟೀಲಿನ ನಲ್ಲಿಗೆ ಹಾಗೆ ಮಾಡುತ್ತಿದ್ದಳು. ಅವಳ ಹೆಸರು ಕೇಳದೇ ಹೋದೆ.

ಸವದತ್ತಿಯದು ಬೇರೆಯೇ ಕಷ್ಟ. ಗುಡ್ಡಕ್ಕೆ ಬಂದವರ ಹಣೆ, ಕೊರಳು, ಬಟ್ಟೆಗಳಲ್ಲೆಲ್ಲ ಭಂಡಾರ, ಅಂದರೆ ದೇವಿಯ ಅರಿಶಿನದ ಪುಡಿ. ಅವರು ಸ್ನಾನ ಮಾಡಿದರೆ ಬಚ್ಚಲೂ ಭಂಡಾರ ಹಚ್ಚಿಕೊಂಡಂತೆ. ಹೊಸ ಫೈಬರಿನಿಂದ ಅರಿಶಿನ ಜಾರಿ ಹೋಗುತ್ತದೆ. ಗೀರು ಬಿದ್ದ ಫೈಬರಿನಲ್ಲಿ ಒಳಗೆ ಕೂತುಬಿಡುತ್ತದೆ, ಎಷ್ಟು ಒರೆಸಿದರೂ ಬರುವುದಿಲ್ಲ. ನಾವು ಸೋತು ಕೈಬಿಟ್ಟಿದ್ದೆವು. ಒಂದು ಕೋಣೆಯಲ್ಲಿ ಮಾತ್ರ, ಮೇಲಿನ ಕಿಂಡಿಯಿಂದ ಬಿಸಿಲು ಬೀಳುವ ಒಂದು ಪಟ್ಟಿಯಷ್ಟು ಜಾಗದಲ್ಲಿ ಹಳದಿ ತಾನಾಗಿ ಮಾಯವಾಗಿತ್ತು. ಯಾರೂ ಏನೂ ಮಾಡಿರಲಿಲ್ಲ. ಬಿಸಿಲು ತಿಂದಿತ್ತು. ನಾನು ಬಹಳ ಹೊತ್ತು ಆ ಪಟ್ಟಿಯನ್ನೇ ನೋಡುತ್ತ ನಿಂತಿದ್ದೆ ಎಂದು ನೆನಪು. ಬಹಳ ಹೊತ್ತು ಇರಲಾರದು, ಕೆಲಸದ ಹೊತ್ತು ಅದು.

ಇನ್ನು ಪಾಲಿಶಿನ ಕಥೆ. ಗೋಡೆಗೆ ಕಾರಿನ ಪಾಲಿಶ್ ತೆಳ್ಳಗೆ ಹಚ್ಚಿ ಒರೆಸಿದರೆ ನೀರು ನಿಲ್ಲದೆ ಜಾರುತ್ತದೆ, ಕೊಳೆ ಹಿಡಿಯುವುದಿಲ್ಲ. ಇದನ್ನೂ ಫಿಟ್ಟರೇ ಹೇಳಿಕೊಟ್ಟದ್ದು. ಗೋಡೆಗೆ ಮಾತ್ರ. ಮಾಲಕರು ಕಿತ್ತೂರಿಗೆ ಬರುವ ದಿನ ಈರಪ್ಪನ ತಲೆಗೆ ಹೊಳಪು ಏರಿತು.

"ಗ್ವಾಡಿ ಮಿಂಚತೈತಿ, ನೆಲಾ ಯಾಕ ಮಿಂಚವಲ್ತು?"

"ನೆಲಕ್ಕ ಹಚ್ಚಬಾರದ್ರಿ ಈರಪ್ಪಣ್ಣ. ಮಂದಿ ಜಾರತಾರ."

"ಜಾರೋರು ಎಲ್ಲಿದ್ರೂ ಜಾರತಾರ. ತಾ ಇಲ್ಲೆ ಡಬ್ಬಿ."

ತಾನೇ ಹಚ್ಚಿದ, ತಾನೇ ಒರೆಸಿದ. ಮಾಲಕರು ಬಂದಾಗ ಷವರಿನ ತಿರುಗಣೆ ತೋರಿಸಲು ತಾನೇ ಒಳಗೆ ಕಾಲಿಟ್ಟ. ಆಮೇಲೆ ಕಂಡದ್ದು ಈರಪ್ಪನ ಎರಡು ಅಂಗಾಲು. ಬೀಳುವಾಗ ತಿರುಗಣೆ ಹಿಡಿದಿದ್ದರಿಂದ ಷವರ್ ಧೋ ಎಂದು ಅವನ ಮೇಲೆಯೇ ಸುರಿಯಿತು. ಮಾಲಕರು ಬಾಗಿಲಲ್ಲಿ ನಿಂತೇ, "ಷವರ್ ಛಲೋ ಬರತೈತಿ ಈರಪ್ಪ, ತಿಳೀತು. ಇನ್ನ ಎದ್ದ ಬಾ" ಎಂದರು. ನಾನು ನಕ್ಕೆ. ಕಲ್ಲವ್ವನೂ ನಕ್ಕಳು. ಅವನು ಏಳಲಿಲ್ಲ. ಅವನ ಮುಂಗೈ ಕೈ ತಿರುಗಬಾರದ ಕಡೆಗೆ ತಿರುಗಿಕೊಂಡಿತ್ತು. ನಗು ಬಾಯಲ್ಲಿರುವಾಗಲೇ ಅದನ್ನು ಕಂಡ ಆ ಕ್ಷಣ ಇವತ್ತಿಗೂ ಹೊಟ್ಟೆಯಲ್ಲಿ ಹಾಗೇ ಇದೆ. ನಾನು ನಗಲಿಲ್ಲ, ಕಲ್ಲವ್ವ ಒಬ್ಬಳೇ ನಕ್ಕದ್ದು ಎಂದು ಎಷ್ಟೋ ಸಲ ಹೇಳಿದ್ದೇನೆ. ಕಲ್ಲವ್ವ ಇದನ್ನೇ ತಿರುವಿ ಹೇಳುತ್ತಾಳೆ.

ಈಗ ಬೈಲಹೊಂಗಲ.

ಹೆಣ್ಣಿನ ಕಡೆಯವರು ದೊಡವಾಡದವರು. ಮದುಮಗಳು ವೀಣಾ, ಅವಳ ತಾಯಿ ಗಿರಿಜವ್ವ. ಗಂಡಿನ ಕಡೆಯವರು ರಾಮದುರ್ಗದ ಹತ್ತಿರದ ಸಾಲಹಳ್ಳಿಯವರು. ವರನಿಗೆ ತಾಯಿ ಇರಲಿಲ್ಲ, ಸಣ್ಣವನಿದ್ದಾಗಲೇ ತೀರಿಕೊಂಡಿದ್ದಳಂತೆ. ಸಾಕಿದವಳು ಅವನ ದೊಡ್ಡವ್ವ ನೀಲವ್ವ. ಬೀಗರಲ್ಲಿ ಅವಳದೇ ಮಾತು. ಎತ್ತರದ ಹೆಂಗಸು. ಅಥವಾ ಇಳಕಲ್ಲ ಸೀರೆಯ ಸೆರಗು ತಲೆಯ ಮೇಲೆ ಹೊತ್ತು ನೆಟ್ಟಗೆ ನಡೆಯುತ್ತಿದ್ದುದರಿಂದ ಎತ್ತರ ಕಂಡಳೋ ಏನೋ. ಬೆಳಿಗ್ಗೆ ನಾನು ಕೋಣೆಯ ಕಸ ತೆಗೆಯಲು ಹೋದಾಗ, "ನೀ ಹೊರಗ ನಿಂದರವಾ, ಮಂಗಳಕಾರ್ಯದ ಸಾಮಾನ ಅದಾವ ಒಳಗ" ಎಂದಿದ್ದವಳೂ ಅವಳೇ. ದನಿ ಒರಟಾಗಿರಲಿಲ್ಲ. ಅದೊಂದು ರೂಢಿಯ ಮಾತು. ನಮ್ಮದು ಬುದ್ಧನನ್ನು ನಂಬಿದ ಮನೆ. ಇಂಥ ರೂಢಿಯ ಮಾತುಗಳ ಅಳತೆ ನನಗೆ ಬಾಯಿಪಾಠ. ಹೊರಗೆ ನಿಂತೆ.

ಮಂಟಪದ ಹಿಂದಿನ ಅಂಗಳದಲ್ಲಿ ಸುರಗಿ ನಡೆಯಿತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಕೂರಿಸಿ, ಅರಿಶಿನ ಹಚ್ಚಿ ನೀರೆರೆಯುವುದು. ಮದುಮಗಳು ಹಳದಿಯಾಗಿ ತೊಟ್ಟಿಕ್ಕುತ್ತ ಬಂದು ಫೈಬರ್ ಬಚ್ಚಲಿನಲ್ಲಿ ಇನ್ನೊಮ್ಮೆ ಸ್ನಾನ ಮಾಡಿ ಹೊರಬಂದಳು. ಅವಳು ಬಂದ ಮೇಲೆ ಗಿರಿಜವ್ವ ಒಳಗೆ ಇಣುಕಿ ನೋಡಿದರೆ ಬಚ್ಚಲೆಲ್ಲ ಹಳದಿ. ಮಂದಿಯ ಬಚ್ಚಲು ಹೊಲಸು ಮಾಡಿ ಹೋದರು ಎಂದು ದೊಡವಾಡದ ಹೆಸರು ಬರಬಾರದು ಎಂಬುದು ಅವಳ ಯೋಚನೆ. ನನ್ನನ್ನು ಕೂಗಿದ್ದರೆ ಹೋಗುತ್ತಿದ್ದೆ. ಕೂಗಲಿಲ್ಲ. ಬಟ್ಟೆ ಒಗೆಯುವ ಪುಡಿಯನ್ನು ಮುಷ್ಟಿ ತುಂಬ ಚೆಲ್ಲಿ, ನೀರು ಚಿಮುಕಿಸಿ, ನೆನೆಯಲಿ ಎಂದು ಬಾಗಿಲು ಎಳೆದುಕೊಂಡು, ಬಳೆಗಾರ ಕರೆಯುತ್ತಾನೆಂದು ಹೊರಗೆ ಹೋದಳು.

ಇಲ್ಲಿಯವರೆಗಿನದು ಗಿರಿಜವ್ವ ಆಮೇಲೆ ಹೇಳಿದ್ದು. ನಾನು ಕಂಡದ್ದು ಇನ್ನು ಮುಂದಿನದು.

ನೀಲವ್ವ ಗಂಡಿನ ಕಡೆಯ ಸೀರೆಯನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಳು. ಕೊಡುವ ಮುಂಚೆ ಕಾಲು ತೊಳೆದುಕೊಳ್ಳಬೇಕೆಂದು ಬಚ್ಚಲಿನ ಬಾಗಿಲು ತಳ್ಳಿದಳು. ನಾನು ಕೋಣೆಯ ಹೊರಗೆ ಬಕೆಟ್ ಹಿಡಿದು ನಿಂತಿದ್ದೆ. "ಅಯ್ಯ ನಮ್ಮವ್ವಾ" ಎಂಬ ಕೂಗು ಕೇಳಿತು. ತಟ್ಟೆ ಬಿದ್ದ ಸದ್ದೂ ಕೇಳಿತು ಎನ್ನಬಹುದು, ಆದರೆ ತಟ್ಟೆ ಬೀಳಲಿಲ್ಲ, ಅವಳು ಅದನ್ನು ಕೊನೆಯವರೆಗೂ ಬಿಡಲಿಲ್ಲ ಎಂದು ಕೋಣೆಯಲ್ಲೇ ಇದ್ದ ವೀಣಾಳ ಅತ್ತಿಗೆ ಆಮೇಲೆ ಹೇಳಿದಳು. ಇಣುಕಿದೆ. ನೆಲದ ಮೇಲೆ ಕೆಂಪು ಹರಡಿ, ಎಳೆ ಎಳೆಯಾಗಿ ನೀರು ಹೋಗುವ ಜಾಲರಿಯ ಕಡೆಗೆ ಇಳಿಯುತ್ತಿತ್ತು. ಗೋಡೆಯ ಕೆಳಭಾಗದಲ್ಲಿ ಕೆಂಪು ಬೆರಳಿನ ಗುರುತು. ಇಷ್ಟು ವರ್ಷ ನಾನು ಕಂಡ ಬಚ್ಚಲುಗಳಲ್ಲಿ ಏನೇನೋ ಕಂಡಿದ್ದೇನೆ. ಆದರೂ ಕೈಯಲ್ಲಿದ್ದ ಬಕೆಟ್ ಯಾವಾಗ ನೆಲಕ್ಕೆ ಇಟ್ಟೆನೋ ತಿಳಿಯಲಿಲ್ಲ.

"ಗಿರಿಜವ್ವಾ, ಹುಡುಗಿ ಹೊರಗಾಗ್ಯಾಳೇನು?" ನೀಲವ್ವನ ದನಿ ಏರಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. "ತಿಂಗಳಿನ ದಿನಾ ಮುಚ್ಚಿಟ್ಟು ಅಕ್ಕಿಕಾಳಿಗೆ ನಿಂದ್ರಸಾವ್ರಿದ್ರೇನು?"

ಗಿರಿಜವ್ವ ಬಳೆ ಅರ್ಧ ಇಟ್ಟುಕೊಂಡ ಕೈಯಲ್ಲೇ ಓಡಿ ಬಂದಳು. "ಇಲ್ರೀ ಯಕ್ಕಾ, ಅದು ಅರಿಷಿಣರಿ. ನಾನ ಸಾಬೂನ ಪುಡಿ ಉಗ್ಗೇನ್ರಿ."

"ಅರಿಷಿಣ ಹಳದಿ ಇರತೈತಿ. ನನಗೇನ ಕಣ್ಣಿಲ್ಲಾ?"

"ಆಣಿ ಮಾಡಿ ಹೇಳ್ತೇನ್ರಿ ಯಕ್ಕಾ."

"ಹಡದಾಕಿ ಆಣಿ ಮಾಡ್ದ ಮತ್ಯಾರ ಮಾಡ್ಬೇಕು?"

ಮೂಲೆಯಲ್ಲಿದ್ದ ಒಬ್ಬ ಮುದುಕಿ ಮಠದ ಅಯ್ಯನವರ ಮಾತು ನೆನೆಸಿ, "ನಮ್ಮಾಗ ಮುಟ್ಟು ಮೈಲಿಗಿ ಏನಿಲ್ಲ ಅಂತಾರಲ್ಲ ಅಯ್ಯಾರು" ಎಂದಳು.

"ಅಯ್ಯಾರು ಹೇಳ್ತಾರ, ಉಂಡ ಎದ್ದ ಹೋಗ್ತಾರ" ಎಂದಳು ನೀಲವ್ವ. "ತಾಯಿಲ್ಲದ ಕೂಸಿನ ತಲಿಮ್ಯಾಲ ಅಕ್ಕಿಕಾಳ ಬೀಳೂದೈತಿ. ನಾಳೆ ಏನರೆ ಆತು, ಮಂದಿ ಸತ್ತಾಕಿನ್ನ ಕೇಳೂದಿಲ್ಲ, ನನ್ನ ಕೇಳ್ತಾರ."

ಅವಳ ಭಯ ನನಗೆ ಆ ಮಾತಿನಲ್ಲಿ ಕಂಡಿತು. ಕಂಡದ್ದರಿಂದ ಏನೂ ಪ್ರಯೋಜನವಿರಲಿಲ್ಲ. ಅವಳು ಹೊರಗೆ ಹೋಗಿ ಒಂದು ಮಾತು ಆಡಿದರೆ ಮದುವೆ ನಿಲ್ಲುತ್ತಿತ್ತು. ಸಾಲಹಳ್ಳಿಯವರು ತಮ್ಮ ಗಾಡಿ ಹತ್ತುತ್ತಿದ್ದರು. ದೊಡವಾಡದಲ್ಲಿ ಹುಡುಗಿಯ ಹೆಸರಿನ ಜೊತೆ ಈ ಬಚ್ಚಲು ಜೀವನವಿಡೀ ಅಂಟಿಕೊಳ್ಳುತ್ತಿತ್ತು. ವೀಣಾ ಅರ್ಧ ಉಟ್ಟ ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಯಾರೂ ಅವಳನ್ನು ಕೇಳಲಿಲ್ಲ. ಅವಳ ಬಗ್ಗೆ ಅವಳ ಮುಂದೆಯೇ ಮಾತಾಡುತ್ತಿದ್ದರು.

ಆಗ ನೀಲವ್ವ ಬಾಗಿಲ ಕಡೆ ತಿರುಗಿದಳು.

"ಏ ಬಾಯಿ, ಒಳಗ ಬಾ. ದಿನಾ ಹೆಂಗಸರ ಬಚ್ಚಲಾ ತೊಳ್ಯಾಕಿ ನೀ. ಯಾವದು ಅರಿಷಿಣ, ಯಾವದು ನೆತ್ತರ ನಿನಗ ಗೊತ್ತಿರತೈತಿ. ನೀ ಅವರ ಪೈಕಿ ಅಲ್ಲ, ನಮ್ಮ ಪೈಕಿ ಅಲ್ಲ. ಖರೇ ಹೇಳು."

ಬೆಳಿಗ್ಗೆ ಹೊರಗೆ ನಿಲ್ಲಿಸಿದವಳು ಈಗ ಒಳಗೆ ಕರೆದಿದ್ದಳು. ಎಲ್ಲರೂ ದಾರಿ ಬಿಟ್ಟರು. ಕೆಂಪಿಗಿಂತ ದೊಡ್ಡ ಆಘಾತ ನನಗೆ ಇದೇ. ನನ್ನ ಮಾತನ್ನು ಅಷ್ಟು ಜನ ಅಷ್ಟು ಮೌನವಾಗಿ ಕಾದದ್ದು ಅದಕ್ಕಿಂತ ಮುಂಚೆ ಇರಲಿಲ್ಲ, ಆಮೇಲೂ ಇಲ್ಲ.

ಇವತ್ತು ಯೋಚಿಸಿದರೆ ದಿಗಿಲಾಗುವುದು ಇನ್ನೊಂದು ವಿಷಯ. ಅರಿಶಿನದ ಕಲೆಗೆ ಸಾಬೂನು ತಾಗಿದರೆ ಕೆಂಪಾಗುತ್ತದೆ ಎಂಬುದನ್ನು ಆ ಕೋಣೆಯಲ್ಲಿದ್ದ ಪ್ರತಿಯೊಬ್ಬ ಹೆಂಗಸೂ ಕಂಡಿದ್ದಳು. ಸಾರು ಚೆಲ್ಲಿದ ಸೀರೆ ಒಗೆಯದವರು ಅಲ್ಲಿ ಯಾರಿದ್ದರು? ಅರಿಶಿನಕ್ಕೆ ಸುಣ್ಣ ಕಲೆಸಿ ಆರತಿಯ ಕೆಂಪು ನೀರು ಮಾಡಿ ಅಲ್ಲೇ ತಟ್ಟೆಯಲ್ಲಿ ಇಟ್ಟಿದ್ದರು. ಆದರೂ, ಗಿರಿಜವ್ವ ಪುಡಿಯ ಮಾತು ಎತ್ತಿದ ಮೇಲೂ, ಆ ಹೊತ್ತಿಗೆ ಒಬ್ಬರಿಗೂ ನೆನಪಾಗಲಿಲ್ಲ. ಬಟ್ಟೆಯ ಮೇಲೆ ಕಂಡದ್ದು ಫೈಬರಿನ ಮೇಲೆ ಕಾಣಲಿಲ್ಲ. ನನಗೂ ಕಾಣಲಿಲ್ಲ.

"ನೋಡಬೇಕ್ರಿ" ಎಂದಷ್ಟೇ ಹೇಳಿದೆ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ.

ಇಲ್ಲಿ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ರಾಮದುರ್ಗದ ನಿಂಬೆಯ ಹೋಳನ್ನು ನೆನೆದು, "ಅಡಿಗಿಮನ್ಯಾಗಿಂದ ಲಿಂಬಿಹಣ್ಣ ತರ್ರಿ" ಎನ್ನುತ್ತೇನೆ. ಇದನ್ನು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಇನ್ನೊಂದರಲ್ಲಿ ವೀಣಾ ಮೊದಲ ಸಲ ಬಾಯಿ ತೆರೆದು, ಯಾರನ್ನೂ ನೋಡದೆ, "ಲಿಂಬಿಹಣ್ಣ ಹಿಂಡ್ರಿ, ಗೊತ್ತಾಗತೈತಿ" ಎನ್ನುತ್ತಾಳೆ. ಎರಡನೆಯದರಲ್ಲಿ ಅವಳ ದನಿ ಎಷ್ಟು ಸ್ಪಷ್ಟವಾಗಿದೆಯೆಂದರೆ, ಮೊದಲನೆಯದನ್ನು ನಾನೇ ಕಟ್ಟಿಕೊಂಡಿರಬೇಕು ಎನಿಸುತ್ತದೆ. ಅರಿಶಿನವಾದರೆ ಹುಳಿಗೆ ಮತ್ತೆ ಹಳದಿಗೆ ತಿರುಗುತ್ತದೆ, ನೆತ್ತರಾದರೆ ತಿರುಗುವುದಿಲ್ಲ. ಯಾರು ಹೇಳಿದರೇನು, ನಿಂಬೆ ಬಂತು. ಕೋಸಂಬರಿಗೆಂದು ಹೆಚ್ಚಿಟ್ಟ ಹೋಳುಗಳು ತಾಟಿನ ತುಂಬ.

ನಾನು ಕೂತು ಹಿಂಡಿದೆ. ಹನಿ ಬಿದ್ದಲ್ಲೆಲ್ಲ ಕೆಂಪು ನಡುಗಿ ಹಳದಿಯಾಯಿತು. ಕೆಂಪು ನೆಲದಲ್ಲಿ ಹಳದಿ ಚುಕ್ಕೆ, ಚುಕ್ಕೆಗೆ ಚುಕ್ಕೆ ಕೂಡಿ ಹಳದಿ ಪಟ್ಟೆ. ಹಿಂದಿನಿಂದ ಯಾರೋ, "ಶಿವನ!" ಎಂದರು. ಗಿರಿಜವ್ವ ಬಾಗಿಲ ಚೌಕಟ್ಟು ಹಿಡಿದು ಕುಸಿದು ಕೂತಳು. ಕೂತು ಅಳುವ ಬದಲು ನಗತೊಡಗಿದಳು, ನಿಲ್ಲಿಸಲು ಆಗಲಿಲ್ಲ.

"ತಡಿ, ಕೊಡಿಲ್ಲೆ" ಎಂದು ನೀಲವ್ವ ನನ್ನ ಕೈಯಿಂದಲೇ ಹೋಳು ತೆಗೆದುಕೊಂಡಳು. ತಟ್ಟೆಯನ್ನು ಯಾರ ಕೈಗೋ ಕೊಟ್ಟಿರಬೇಕು, ಅಥವಾ ತೊಡೆಯ ಮೇಲೆ ಇಟ್ಟುಕೊಂಡಳೋ. ಸೀರೆ ಎತ್ತಿ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತು, ತಾನೇ ಒತ್ತಿ ಒತ್ತಿ ನೋಡಿದಳು. ನನ್ನ ಕೈ ಬಿದ್ದಲ್ಲಿ ಅವಳಿಗೆ ನಂಬಿಕೆಯಿರಲಿಲ್ಲ, ತನ್ನ ಕೈ ಬಿದ್ದಲ್ಲಿ ಮಾತ್ರ ನಂಬಿಕೆ. ಬಾಗಿಲಿನಿಂದ ಶುರುಮಾಡಿ ಒಳಗೊಳಗೆ ಸರಿಯುತ್ತ ಹೋದಳು. ಒತ್ತಿದಲ್ಲೆಲ್ಲ ಹಳದಿ. ಗೋಡೆಯ ಬೆರಳಿನ ಗುರುತೂ ಹಳದಿ. "ಹೌದ, ಅರಿಷಿಣಾನ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಒಳಗಿನ ಮೂಲೆ, ಗೋಡೆ ನೆಲ ಕೂಡುವ ಜಾಗ ಒಂದು ಉಳಿದಿತ್ತು. ಅಲ್ಲಿಗೂ ಒಂದು ಎಳೆ ಕೆಂಪು ಹೋಗಿತ್ತು.

"ಸಾಕ್ರಿ ದೊಡ್ಡವ್ವಾ" ಎಂದಳು ವೀಣಾ.

ನೀಲವ್ವ ತಿರುಗಿ ಅವಳನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದು ಹೇಳಲಾರೆ. ಮತ್ತೆ ಮೂಲೆಯ ಕಡೆ ತಿರುಗಿದಳು. ಅವಳ ಬೆನ್ನು ನನಗೆ ಅಡ್ಡವಾಗಿತ್ತು. ನಿಂಬೆಯ ಕೈ ಆ ಮೂಲೆಗೆ ಹೋದದ್ದು ಕಂಡಿತು. ಒತ್ತಿತೋ ಇಲ್ಲವೋ ಕಾಣಲಿಲ್ಲ. ಕೈ ಅಲ್ಲೇ ನಿಂತಿತು. ಆಮೇಲೆ ಅವಳು ಪಕ್ಕದ ಬಕೆಟ್ಟಿನಿಂದ ಒಂದು ಮಗ್ ನೀರು ತುಂಬಿ ಆ ಮೂಲೆಗೆ ತಾನೇ ಸುರಿದಳು.

"ಎಲ್ಲಾ ಅರಿಷಿಣ" ಎಂದು ಎದ್ದಳು. "ಲಗೂನ ಸೀರಿ ಉಡಸ್ರಿ. ಹೊತ್ತಾತು." ತಟ್ಟೆಯ ಸೀರೆಯನ್ನು ವೀಣಾಳ ಕೈಗಿತ್ತು, ಅವಳ ಕೆನ್ನೆಯನ್ನು ನಿಂಬೆಯ ಕೈಯಲ್ಲೇ ಒಮ್ಮೆ ಸವರಿದಳು. ಹೊರಗೆ ಹೋಗುತ್ತ ನನಗೆ, "ಈ ಡಬ್ಬಿ ಬಚ್ಚಲಾ ಕಿತ್ತ ಒಗೀರಿ ಮೊದಲ. ಮನಶ್ಯಾರ ಪ್ರಾಣಾ ತಗೀತೈತಿ" ಎಂದಳು.

ಮದುವೆಯಾಯಿತು. ಅಕ್ಕಿಕಾಳು ಬಿದ್ದವು. ಊಟಕ್ಕೆ ಗಿರಿಜವ್ವನೇ ಬಂದು ಕೈ ಹಿಡಿದು ಕರೆದಳು, ಹೋಗಿ ಉಂಡೆ. ಸಂಜೆ ಈರಪ್ಪನಿಗೆ ವಿಷಯ ಗೊತ್ತಾಯಿತು. ಮರುದಿನ ಮದುಮಗಳ ಕೋಣೆಯ ಬಚ್ಚಲಿನ ಬಾಗಿಲಿಗೆ ಒಂದು ಬೋರ್ಡು ಬಂತು: "ಅರಿಷಿಣ ಹಚ್ಚಿಕೊಂಡವರು ಒಳಗೆ ಬರಬಾರದು."

"ಈರಪ್ಪಣ್ಣ, ಮದಿಮಗಳ ಬಚ್ಚಲಕ್ಕ ಅರಿಷಿಣಿಲ್ದ ಯಾರ ಬರಬೇಕ್ರಿ?"

"ನೀ ವಾದಾ ಹಾಕಬ್ಯಾಡ. ಬರದಾಗೇತಿ."

ಮಂಟಪ ಖಾಲಿಯಾದ ಮೇಲೆ ನಾನು ಬಾಗಿಲು ಹಾಕಿಕೊಂಡು ತೊಳೆಯಲು ಕೂತೆ. ತೆಳು ಸಾಬೂನು ನೀರು, ಮೆತ್ತನೆಯ ಬಟ್ಟೆ. ನಡುವಿನ ನೆಲದಲ್ಲಿ, ಗೋಡೆಯಲ್ಲಿ ಹಳದಿ ಗಟ್ಟಿಯಾಗಿ ಕೂತಿತ್ತು. ಸಾಬೂನು ತಾಗಿದಲ್ಲಿ ಮತ್ತೆ ಕೆಂಪು ಇಣುಕುತ್ತಿತ್ತು. ಪ್ರತಿ ಸಲವೂ ಗೊತ್ತಿದ್ದೂ ಬೆಚ್ಚಿದೆ. ಮದುಮಗಳಿಗೆ ಮರೆಯಾಗಲೆಂದು ಮೇಲಿನ ಕಿಂಡಿಗೆ ಅಂಟಿಸಿದ್ದ ಪೇಪರನ್ನು ಕಿತ್ತೆ. ಬಿಸಿಲು ಬೀಳತೊಡಗಿತು. ಸವದತ್ತಿಯಲ್ಲಿ ಕಂಡಂತೆ ದಿನದಿನಕ್ಕೆ ಹಳದಿ ತಿಳಿಯಾಗುತ್ತ ಹೋಯಿತು. ಆಮೇಲೆ ಎಲ್ಲ ಮದುವೆಯವರಿಗೂ ನಾನು ಮೊದಲೇ ಹೋಗಿ ಹೇಳುತ್ತಿದ್ದೆ: ಅರಿಶಿನ ಬಿದ್ದ ಕೂಡಲೇ ತಣ್ಣೀರು ಹಾಕಿ, ಪುಡಿ ಹಾಕಬೇಡಿ, ತಿಕ್ಕಬೇಡಿ, ನನ್ನನ್ನು ಕೂಗಿ. ಹೊಸದಾಗಿ ಕೆಲಸಕ್ಕೆ ಬರುವವರಿಗೂ ಇದನ್ನೇ ಹೇಳುತ್ತೇನೆ. ಕೂಗದೇ ಇರುವವರು ಇರುತ್ತಾರೆ. ಅವರ ಮೇಲೆ ಸಿಟ್ಟು ಮಾಡಬೇಡಿ. ನಿಮಗೆ ಕೆಲಸ ಹೆಚ್ಚಾಗದಿರಲಿ ಎಂದೇ ಅವರು ಕೂಗುವುದಿಲ್ಲ.

ವೀಣಾಳನ್ನೂ ನೀಲವ್ವನನ್ನೂ ನಾನು ಮತ್ತೊಮ್ಮೆ ಕಂಡೆ, ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ, ಕೆಲಸ ಬಿಡುವ ಸ್ವಲ್ಪ ಮುಂಚೆ. ನೀಲವ್ವನಿಗೆ ಕಣ್ಣು ಮಂದವಾಗಿತ್ತು. ಸೊಸೆಯ ರಟ್ಟೆ ಹಿಡಿದು ನಡೆಯುತ್ತಿದ್ದಳು. ವೀಣಾಳೇ ಗುರುತು ಹಿಡಿದು ನಿಲ್ಲಿಸಿದಳು.

"ಯಾರವಾ ಇಕಿ?"

"ಬೈಲಹೊಂಗಲ ಸುಜಾತಕ್ಕರಿ ದೊಡ್ಡವ್ವಾ. ಮದಿವ್ಯಾಗಿನಾಕಿ."

"ಡಬ್ಬಿ ಬಚ್ಚಲದಾಕಿ!" ನೀಲವ್ವ ನಕ್ಕಳು. "ಕಿತ್ತ ಒಗದ್ರಿಲ್ಲೋ ಅದನ್ನ?"

"ಇನ್ನೂ ಐತ್ರಿ ಅವ್ವಾರ."

"ನಾನೂ ಇನ್ನೂ ಅದೇನಿ ನೋಡ. ಇಕಿ ನನ್ನ ಬಿಟ್ಟ ತವರಮನಿಗೂ ಹೋಗವಲ್ಲಳು. ಉಣಸಾಕಿ ಇಕಿನ, ಬೈಯಾಕಿ ಇಕಿನ."

"ಬೈದ್ರ ಉಣ್ತೀರಿ ನೀವು" ಎಂದಳು ವೀಣಾ. ಬಸ್ಸು ಬಂತು. ಮುದುಕಿಯನ್ನು ಹತ್ತಿಸುವಾಗ ವೀಣಾ ಒಮ್ಮೆ ತಿರುಗಿ ನನ್ನನ್ನು ನೋಡಿದಳು. ನಾನು ಏನೋ ಕೇಳುತ್ತೇನೆ ಎಂದು ಕಾದಂತೆ ಇತ್ತು ಆ ನೋಟ. ಕೇಳಲಿಲ್ಲ. ಬಸ್ಸು ಹತ್ತುವವರೆಲ್ಲ ಹಾಗೆ ಒಮ್ಮೆ ತಿರುಗಿ ನೋಡುತ್ತಾರೆ, ಅಷ್ಟೇ ಇರಬಹುದು.

ಕೇಳಬೇಕಾಗಿದ್ದದ್ದು ಇದು. ಮಂಟಪ ಖಾಲಿಯಾದ ಮೇಲೆ ತೊಳೆಯಲು ಕೂತಾಗ ಒಳಗಿನ ಮೂಲೆಯನ್ನೂ ನೋಡಿದ್ದೆ. ಬೇರೆ ಎಲ್ಲ ಕಡೆ ಅರಿಶಿನ ಕೂತಿತ್ತು, ಆ ಮೂಲೆಯಲ್ಲಿ ಇರಲಿಲ್ಲ. ಒಂದೇ ಮಗ್ ನೀರಿಗೆ ಅದು ಪೂರ್ತಿ ಸ್ವಚ್ಛವಾಗಿತ್ತು. ಯಾರ ನಾರೂ ತಲುಪದ ಮೂಲೆ ಅದು, ಅಲ್ಲಿ ಫೈಬರಿನ ಚರ್ಮ ಹಾಗೇ ಇತ್ತು. ಹಾಗಿರುವಲ್ಲಿ ಅರಿಶಿನವೂ ನಿಲ್ಲುವುದಿಲ್ಲ, ನೀರು ಬಿದ್ದರೆ ಜಾರಿ ಹೋಗುತ್ತದೆ. ನೆತ್ತರೂ ಹಾಗೆಯೇ ಹೋಗುತ್ತದೆ. ನೀಲವ್ವ ಅಲ್ಲಿ ನಿಂಬೆ ಒತ್ತಿದಳೋ ಇಲ್ಲವೋ, ಒತ್ತಿದ್ದರೆ ಯಾವ ಬಣ್ಣ ಕಂಡಳೋ, ನೀರನ್ನು ಯಾಕೆ ಸುರಿದಳೋ, ನನಗೆ ಗೊತ್ತಿಲ್ಲ.